ಒಂದು ತಾಸಿನ ವಿಮಾನ, ಹತ್ತು ತಾಸಿನ ದಾರಿ

ಕಳೆದ ವಾರ ನರಗುಂದದಿಂದ ನನ್ನ ಹಳೆಯ ಸಹೋದ್ಯೋಗಿ ಮಿತ್ರರೊಬ್ಬರು ರೋಣದ ನಮ್ಮ ಮನೆಗೆ ಬಂದಿದ್ದರು. ಅವರು ಗಣಿತದ ಶಿಕ್ಷಕರು, ನಾನು ಸಮಾಜ ವಿಜ್ಞಾನದವನು. ಒಂದೇ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಜೊತೆಯಾಗಿ ದುಡಿದವರು. ಚಹಾ ಆದ ಮೇಲೆ ಕೈಚೀಲದಿಂದ ಒಂದು ಮನವಿ ಪತ್ರವನ್ನು ಹೊರತೆಗೆದು ನನ್ನ ಮುಂದಿಟ್ಟರು. ಹುಬ್ಬಳ್ಳಿ ಮತ್ತು ಬೆಂಗಳೂರಿನ ನಡುವೆ ಇನ್ನೂ ಹೆಚ್ಚು ವಿಮಾನಗಳು ಹಾರಾಡುವಂತೆ ಮಾಡಬೇಕೆಂದು ಕೋರುವ ಮನವಿ ಅದು. ಕೆಳಗೆ ಆಗಲೇ ಮೂವತ್ತು ನಲವತ್ತು ಸಹಿಗಳು ಬಿದ್ದಿದ್ದವು.

"ನೀವು ವಿಮಾನದಾಗ ಅಡ್ಡಾಡಿದವ್ರು. ನಿಮ್ಮ ಸಹಿ ಬೇಕ ಬೇಕ್ರಿ ಸರ. ಮುಂಜಾನೆ ಎದ್ದು ಬೆಂಗಳೂರಿಗೆ ಹೋಗಿ, ಸಂಜೀಕ ಮನೀಗೆ ಬಂದು ಊಟ ಮಾಡೂವಂಗ ಆಗ್ತದ" ಎಂದರು.

ನಾನು ಸಹಿ ಮಾಡಲಿಲ್ಲ. ಅವರಿಗೆ ತುಸು ಬೇಸರವೂ ಆಯಿತು. "ಯಾಕ್ರಿ ಸರ, ನಮ್ಮ ಭಾಗಕ್ಕ ಚಲೋ ಆಗೂದು ನಿಮಗ ಬ್ಯಾಡೇನು?" ಎಂದು ಕೇಳಿದರು. ಆ ಹೊತ್ತಿಗೆ ಸರಿಯಾದ ಉತ್ತರ ನನ್ನ ಬಾಯಿಗೆ ಬರಲಿಲ್ಲ. ಬಿ.ಎಡ್. ತರಬೇತಿಯಲ್ಲಿ ನಮಗೆ ಕಲಿಸಿದ್ದೇನು? ಪ್ರಶ್ನೆ ಕೇಳಿದವನಿಗೆ ಉತ್ತರ ಕೊಡದೆ ಕಳುಹಿಸಬಾರದು ಎಂದು! ಆದ್ದರಿಂದ ಈ ಬರಹ. ಉತ್ತರ ತುಸು ಉದ್ದವಾಯಿತು, ಓದುಗ ಮಿತ್ರರು ಸೈರಿಸಬೇಕು.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ವಿಮಾನವೆಂದರೆ ನನಗೆ ದ್ವೇಷವಿಲ್ಲ. ನಾವು ಚಿಕ್ಕವರಿದ್ದಾಗ ಆಕಾಶದಲ್ಲಿ ಎಲ್ಲಿಯೋ ಎತ್ತರದಲ್ಲಿ ಸದ್ದು ಕೇಳಿಬಂದರೆ ಉಣ್ಣುವ ತಾಟನ್ನು ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಬೆಳ್ಳಗಿನ ಗೆರೆ ಕಂಡರೆ ಸಾಕು, ಕೈಬೀಸುತ್ತಿದ್ದೆವು. ಅದರೊಳಗೆ ಕುಳಿತವರು ನಮ್ಮಂಥವರೇ ಎಂದು ಆಗ ಅನ್ನಿಸಿರಲಿಲ್ಲ. 1953ರ ಕಾಯ್ದೆಯಂತೆ ದೇಶದಲ್ಲಿ ವಿಮಾನಯಾನವು ಸರ್ಕಾರದ ಕೈಯಲ್ಲಿತ್ತು. 1994ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿದ ಮೇಲೂ ಅದು ಉಳ್ಳವರ ವಾಹನವಾಗಿಯೇ ಉಳಿದಿತ್ತು. ಅದನ್ನು ಸಾಮಾನ್ಯರ ಕೈಗೆಟಕುವಂತೆ ಮಾಡಬಹುದೆಂದು ತೋರಿಸಿಕೊಟ್ಟವರು ನಮ್ಮವರೇ ಆದ ಕ್ಯಾಪ್ಟನ್ ಗೋಪಿನಾಥ್, ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯದಿಂದ ಬಂದು ಹೊಲದಲ್ಲಿ ಬೆವರು ಸುರಿಸಿದ ಮನುಷ್ಯ. 2003ರಲ್ಲಿ ಅವರು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದಾಗ, ಮೊದಲ ವರ್ಷಗಳಲ್ಲಿಯೇ ಅದರ ಪಂಖದ ವಿಮಾನ ಹುಬ್ಬಳ್ಳಿಗೂ ಬರತೊಡಗಿತು. ಒಂದು ರೂಪಾಯಿಗೆ ಟಿಕೆಟ್ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಶಿಕ್ಷಕರ ಕೊಠಡಿಯಲ್ಲಿ ನಾವು ನಗಾಡಿದ್ದುಂಟು. ಆ ಸಂಸ್ಥೆ ಬೇರೆಯವರ ಕೈಸೇರಿ ಮುಂದೆ ಹೆಸರನ್ನೂ ಕಳೆದುಕೊಂಡಿತು, ಆ ಮಾತು ಬೇರೆ. ಆದರೆ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ಆ ಬಾಗಿಲಿನಿಂದಲೇ ನಾನೂ ಒಳಗೆ ಹೋದವನು.

ಹೋದದ್ದು 2024ರ ಮಾರ್ಚ್ ತಿಂಗಳಿನಲ್ಲಿ. ಆಗ ನಾನು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೆ. ಬೆಳಗಿನ ಐದೂವರೆಗೆ ಫೋನ್ ಬಂದಿತು. ಗಜೇಂದ್ರಗಡದಿಂದ ಅಕ್ಕನ ಹಿರಿಯ ಮಗ.

"ಮಾಮಾ, ಅವ್ವ ಹೋದ್ಲರೀ. ನೀವು ಬರೂಮಟಾ ತಡೀತೇವಿ. ಖರೆ, ಹೊತ್ತು ಮುಣುಗೂದ್ರಾಗ ಮಣ್ಣು ಮಾಡಬೇಕಂತಾರ ಹಿರ್ಯಾರು."

ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ಇದರ ಅರ್ಥ ತಿಳಿದೀತು. ಮದುವೆಯಾಗಿ ಹೋದ ಹೆಣ್ಣುಮಗಳು ತೀರಿಕೊಂಡರೆ ತವರುಮನೆಯವರು ಬರುವತನಕ ಹೆಣವನ್ನು ಎತ್ತುವುದಿಲ್ಲ. ತವರಿನ ಸೀರೆ ಬರಬೇಕು, ಮುತ್ತೈದೆಯಾದರೆ ಉಡಿ ತುಂಬಬೇಕು. ಭಾವನವರು ಇನ್ನೂ ಇದ್ದಾರೆ; ಅಕ್ಕ ಮುತ್ತೈದೆಯಾಗಿ ಹೋದಳು. ನಮ್ಮ ತಂದೆ ತಾಯಿ ಇಲ್ಲ, ಅಣ್ಣ ತಮ್ಮಂದಿರಿಲ್ಲ. ತವರೆಂದರೆ ಈಗ ನಾನೊಬ್ಬನೇ.

ಮಗ ಮೊಬೈಲಿನಲ್ಲಿ ಹುಡುಕಾಡಿದ. ಬೆಳಗಿನ ಆರರ ಆಸುಪಾಸಿಗೆ ಬೆಂಗಳೂರು ಬಿಡುವ ಜನಶತಾಬ್ದಿ ಇದೆ, 2023ರ ಜೂನ್‌ನಿಂದ ಧಾರವಾಡದವರೆಗೆ ಹೋಗುವ ವಂದೇ ಭಾರತ್ ಇದೆ. ಆದರೆ ಐದೂವರೆಗೆ ಸುದ್ದಿ ಕೇಳಿದವನು ಊರಿನ ದಕ್ಷಿಣ ತುದಿಯಿಂದ ಅವನ್ನು ಹಿಡಿಯುವುದು ಎಲ್ಲಿಂದ ಬಂತು? ಬಸ್ಸಿಗೆ ಹೊರಟರೆ ಹುಬ್ಬಳ್ಳಿ ತಲುಪಲು ಎಂಟು ತಾಸು, ಗಜೇಂದ್ರಗಡಕ್ಕೆ ರಾತ್ರಿ ಎಂಟಾಗುವುದು. ಕೊನೆಗೆ, "ಅಪ್ಪಾ, ಹನ್ನೊಂದು ಹತ್ತಕ್ಕೆ ವಿಮಾನ ಐತಿ, ಅದರಾಗ ಹೋಗ್ರಿ" ಎಂದ. ಟಿಕೆಟ್ಟಿಗೆ 6,140 ರೂಪಾಯಿ. ಒಂದು ತಿಂಗಳು ಮುಂಚಿತವಾಗಿ ತೆಗೆದಿದ್ದರೆ ಅದೇ ಆಸನಕ್ಕೆ ಎರಡೂವರೆ ಸಾವಿರದ ಸುತ್ತಮುತ್ತ ಇರುತ್ತಿತ್ತಂತೆ. ಸಾವು ಒಂದು ತಿಂಗಳು ಮುಂಚಿತವಾಗಿ ತಿಳಿಸಿ ಬರುವುದೇ?

ಸೊಸೆ ತನ್ನ ಪೆಟ್ಟಿಗೆಯಲ್ಲಿದ್ದ ಹೊಸ ಇಳಕಲ್ ಸೀರೆಯನ್ನು ತೆಗೆದುಕೊಟ್ಟಳು. ಅಂಗಡಿ ತೆರೆಯುವ ಹೊತ್ತಲ್ಲ ಅದು. ಅಡುಗೆಮನೆಯಲ್ಲಿದ್ದ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು, ಉತ್ತತ್ತಿ, ಎರಡು ಒಣಕೊಬ್ಬರಿ ಬಟ್ಟಲು ಇವನ್ನೆಲ್ಲ ಒಂದು ಅರಿವೆಯಲ್ಲಿ ಗಂಟುಕಟ್ಟಿ ಸೀರೆಯ ಜೊತೆಗಿಟ್ಟಳು. ಏಳಕ್ಕೆ ಮನೆ ಬಿಟ್ಟು ವಾಯುವಜ್ರ ಬಸ್ಸು ಹಿಡಿದು ದೇವನಹಳ್ಳಿಯ ದಾರಿ ಹಿಡಿದೆ.

ಎಚ್‌ಎಎಲ್ ವಿಮಾನ ನಿಲ್ದಾಣ ಊರೊಳಗೇ ಇದ್ದ ಕಾಲವೊಂದಿತ್ತು. 2008ರ ಮೇ 24ರಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿಲೋಮೀಟರ್. 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಾಯಿತು. 2022ರ ನವೆಂಬರ್ 11ರಂದು ಕೆಂಪೇಗೌಡರ 108 ಅಡಿಯ ಪ್ರತಿಮೆಯೂ ಎರಡನೆಯ ಟರ್ಮಿನಲ್ ಕಟ್ಟಡವೂ ಒಂದೇ ದಿನ ಉದ್ಘಾಟನೆಗೊಂಡವು. ಆ ಎರಡನೆಯ ಕಟ್ಟಡವನ್ನು ನಾನು ನೋಡಿದ್ದು ಮುಂದೊಂದು ಸಲ, ಬಂಧುಗಳೊಬ್ಬರನ್ನು ಬೀಳ್ಕೊಡಲು ಹೋದಾಗ. ಒಳಗೆ ಬಿದಿರಿನ ಹೊದಿಕೆ, ತೂಗುಬಿಟ್ಟ ಗಿಡಬಳ್ಳಿಗಳು, ನೀರು ಬೀಳುವ ಸಪ್ಪಳ... ಉದ್ಯಾನದೊಳಗೆ ಕಟ್ಟಡವೋ ಕಟ್ಟಡದೊಳಗೆ ಉದ್ಯಾನವೋ ತಿಳಿಯದು. ಚೆಂದವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಅಕ್ಕನ ಸಾವಿನ ದಿನ ನಾನು ಹೋದದ್ದು ಮೊದಲನೆಯ ಕಟ್ಟಡದಿಂದ. ಅದೂ ಸಣ್ಣದೇನಲ್ಲ, ನಮ್ಮೂರ ಸಂತೆಯನ್ನು ಹತ್ತು ಸಲ ಒಳಗೆ ತುಂಬಿಸಬಹುದು.

ಬಾಗಿಲಲ್ಲಿ ಕೆಲವರು ಯಂತ್ರಕ್ಕೆ ಮುಖ ತೋರಿಸಿ ಒಳಗೆ ಹೋಗುತ್ತಿದ್ದರು. ಡಿಜಿಯಾತ್ರಾ ಎನ್ನುತ್ತಾರೆ. ನಾನು ಗುರುತಿನ ಚೀಟಿ ತೋರಿಸಿದೆ. ಭದ್ರತಾ ತಪಾಸಣೆಯಲ್ಲಿ ನನ್ನ ಚೀಲವನ್ನು ಪಕ್ಕಕ್ಕೆ ಎಳೆದರು. ಗಂಟು ಬಿಚ್ಚಿಸಿದರು. ಅಲ್ಲಿದ್ದ ಹುಡುಗಿ ಕೊಬ್ಬರಿ ಬಟ್ಟಲುಗಳನ್ನು ಕೈಗೆತ್ತಿಕೊಂಡು, "ಇದನ್ನ ಬಿಡೋದಿಲ್ಲ ಸರ್" ಎಂದಳು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳುವ ಪದಾರ್ಥಗಳ ಪಟ್ಟಿಯಲ್ಲಿ ಅದಿದೆ. ನಿಯಮ ಸರಿಯಾದದ್ದೇ. ಉಡಿ ತುಂಬಲೆಂದು ನಾನು ಹೇಳಲೂ ಇಲ್ಲ; ಹೇಳಿದ್ದರೆ ಆ ಮಗುವಿಗೆ ಸಂಕಟವಾಗುತ್ತಿತ್ತೇ ಹೊರತು ನಿಯಮ ಬದಲಾಗುತ್ತಿರಲಿಲ್ಲ. ಅಕ್ಕಿಯನ್ನೂ ಅಡಿಕೆಯನ್ನೂ ಮತ್ತೆ ಕಟ್ಟಿಕೊಂಡು ಮುಂದೆ ನಡೆದೆ. ಮುಂದೆ ಗದಗಿನ ಬಸ್ ನಿಲ್ದಾಣದ ಹೊರಗೆ ಕಿರಾಣಿ ಅಂಗಡಿಯಲ್ಲಿ ಬೇರೆ ಕೊಬ್ಬರಿ ಕೊಂಡೆನೆನ್ನಿ.

ವಿಮಾನ ಐವತ್ತೈದು ನಿಮಿಷ ತಡವಾಯಿತು. ಹತ್ತುವ ಬಾಗಿಲಿನ ಸಂಖ್ಯೆಯೂ ಬದಲಾಯಿತು. ಎರಡೂ ಸುದ್ದಿ ಹೋದದ್ದು ಮಗನ ಮೊಬೈಲಿಗೆ, ಏಕೆಂದರೆ ಟಿಕೆಟ್ ತೆಗೆದವನು ಅವನು. ಅವನೋ ಕಚೇರಿಯ ಕೆಲಸದಲ್ಲಿ ಮುಳುಗಿದ್ದ. ನಾನು ಖಾಲಿಯಾದ ಬಾಗಿಲ ಮುಂದೆ ಪುತ್ಥಳಿಯ ಹಾಗೆ ಕುಳಿತೇ ಇದ್ದೆ. ಹಾವೇರಿಯ ಕಡೆಯ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದವಳು, "ಹುಬ್ಬಳ್ಳಿಗೇನ್ರಿ ಅಜ್ಜಾರ? ಆ ಕಡೆ ಬರ್ರಿ" ಎಂದು ಕರೆಯದಿದ್ದರೆ ಈ ಬರಹ ಬೇರೆ ರೀತಿಯಲ್ಲಿ ಇರುತ್ತಿತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನನ್ನು ವಿಮಾನ ಹತ್ತಿಸಿದ್ದು ಒಬ್ಬ ಹೆಣ್ಣುಮಗಳ ಬಾಯಿಮಾತು.

ಸರದಿಯಲ್ಲಿ ನಿಂತಾಗ ಅಳಿಯನ ಫೋನ್ ಬಂದಿತು. "ವಿಮಾನ ಕಟ್ಟಾಕತ್ತಾರ್ರೀ ಮಾಮಾ. ನೀವು ಎಲ್ಲಿದ್ದೀರಿ?" ಎಂದ. ನಮ್ಮ ಕಡೆ ವಿಮಾನವೆಂದರೆ ಹೆಣವನ್ನು ಕುಳ್ಳಿರಿಸಿ ಒಯ್ಯಲು ಬಿದಿರಿನಿಂದ ಕಟ್ಟಿ, ಹೂವು ಬಾಳೆಕಂಬಗಳಿಂದ ಸಿಂಗರಿಸುವ ಮಂಟಪ. "ನಾನೂ ವಿಮಾನದ ಹತ್ತಿರಾನ ನಿಂತೀನಪ್ಪಾ" ಎಂದೆ. ಹೇಳಿದ ಮೇಲೆ ಮಾತು ಹೊರಡಲಿಲ್ಲ. ಅವನೂ ಸುಮ್ಮನಾದ.

ಎರಡು ಪಂಖಗಳ ಎಟಿಆರ್ ವಿಮಾನ ಅದು. ಹಿಂಬದಿಯ ಬಾಗಿಲಿನಿಂದ ಹತ್ತಬೇಕು. ನಡುವೆ ಓಡಾಡುವ ದಾರಿ, ಎಡಬಲಕ್ಕೆ ಎರಡೆರಡು ಆಸನ, ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆಯೇ. ಮೊಣಕಾಲು ಮುಂದಿನ ಆಸನಕ್ಕೆ ತಾಗುವುದೂ ಬಸ್ಸಿನ ಹಾಗೆಯೇ. ನೆಲ ಬಿಟ್ಟಾಗ ಹೊಟ್ಟೆಯೊಳಗೆ ಜೋಕಾಲಿ ಜೀಕಿದಂತಾಯಿತು. ಆಕಾಶದ ದಾರಿಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 370 ಕಿಲೋಮೀಟರ್. ಕೆಳಗೆ ಕೆಂಪು ನೆಲ, ಬತ್ತಿದ ಕೆರೆಗಳು, ತೆಂಗಿನ ತೋಟದ ಹಸಿರು ಚೌಕಗಳು ಹಿಂದೆ ಸರಿದವು. ನಲವತ್ತು ನಿಮಿಷ ಕಳೆದ ಮೇಲೆ ನೆಲದ ಬಣ್ಣ ಕಪ್ಪಿಗೆ ತಿರುಗಿತು. ನಮ್ಮ ಎರಿ ಹೊಲ! ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕೆಂಪು ಮಣ್ಣು, ಕಪ್ಪು ಮಣ್ಣಿನ ಪ್ರದೇಶಗಳನ್ನು ಮಕ್ಕಳಿಗೆ ತೋರಿಸಿದವನು ನಾನು. ಆ ಗೆರೆಯನ್ನು ಕಣ್ಣಾರೆ ನೋಡಿದ್ದು ಅಂದೇ. ಅಕ್ಕನ ಹೆಣ ಊರಲ್ಲಿರುವಾಗ ಇದನ್ನು ನೋಡಿ ಸಂತೋಷಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಒಂದು ತಾಸು ಹತ್ತು ನಿಮಿಷಕ್ಕೆ ಹುಬ್ಬಳ್ಳಿ. ಮಧ್ಯಾಹ್ನದ ಒಂದೂ ಕಾಲು.

ಮಿತ್ರರ ಮನವಿ ಪತ್ರದಲ್ಲಿ ಪ್ರಯಾಣ ಇಲ್ಲಿಗೆ ಮುಗಿಯುತ್ತದೆ. ನರಗುಂದದವರಿಗೆ ಅದು ಸರಿಯೂ ಹೌದು. ನವಲಗುಂದದ ಮೇಲೆ ಹಾದುಬರುವ ಹೆದ್ದಾರಿ, ಸುಮಾರು 55 ಕಿಲೋಮೀಟರ್. ಒಂದು ತಾಸಿನಲ್ಲಿ ಮನೆ. ಗಜೇಂದ್ರಗಡದವನಿಗೆ ಪ್ರಯಾಣ ಅಲ್ಲಿಂದ ಮತ್ತೆ ಮೊದಲಾಗುತ್ತದೆ. ನಿಲ್ದಾಣದ ಹೊರಗೆ ಟ್ಯಾಕ್ಸಿಯವರು ಸುತ್ತುವರಿದರು. ಕೇಳಿದ ಬಾಡಿಗೆ ವಿಮಾನದ ಅರ್ಧಕ್ಕಿಂತ ಹೆಚ್ಚಾಗಿತ್ತು. ಆಟೋ ಹಿಡಿದು ಬಸ್ ನಿಲ್ದಾಣಕ್ಕೆ ಬಂದೆ. ಎರಡು ಗಂಟೆಗೆ ಗದಗಿನ ಬಸ್ಸು. ಅಣ್ಣಿಗೇರಿ ದಾಟಿ ಗದಗ ಸೇರಿದಾಗ ಮೂರೂವರೆ. ಅಲ್ಲಿಂದ ಗಜೇಂದ್ರಗಡದ ಬಸ್ಸು. 'ಶಕ್ತಿ' ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಧೈರ್ಯದಿಂದ ತಿರುಗಾಡುತ್ತಾರೆ, ಬಸ್ಸು ಕಿಕ್ಕಿರಿದಿತ್ತು. ನನ್ನ ನೆರೆತ ಕೂದಲು ಕಂಡು ಒಬ್ಬಳು ಎದ್ದು ಜಾಗ ಕೊಟ್ಟಳು. ನರೇಗಲ್ಲ ದಾಟಿದ ಮೇಲೆ ಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣಿಸಿಕೊಂಡವು. ಅವು ಕಂಡ ಮೇಲೆ ಊರು ಬಂದೇಬಿಟ್ಟಿತೆನ್ನಿಸುತ್ತದೆ, ಆದರೆ ಬಸ್ಸು ಪ್ರತಿ ಹಳ್ಳಿಯ ಅಗಸಿಯಲ್ಲಿಯೂ ನಿಲ್ಲುತ್ತದೆ. ಐದೂವರೆಗೆ ಗಜೇಂದ್ರಗಡದಲ್ಲಿ ಇಳಿದೆ. ಮನೆ ಬಿಟ್ಟು ಹತ್ತೂವರೆ ತಾಸು. ಅದರಲ್ಲಿ ಆಕಾಶದಲ್ಲಿದ್ದುದು ಒಂದು ತಾಸು ಹತ್ತು ನಿಮಿಷ.

ಅಂಗಳದಲ್ಲಿ ಭಜನೆ ನಡೆದಿತ್ತು. ಅಕ್ಕನನ್ನು ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು, ಹಣೆಯ ತುಂಬ ವಿಭೂತಿ. ಸೀರೆ ಹೊದಿಸಿದೆ. ಉಡಿ ತುಂಬಿದರು. ಭಾವನವರು ನನ್ನ ಕೈಹಿಡಿದುಕೊಂಡು, "ಬಂದ್ಯಾ" ಎಂದಷ್ಟೇ ಅಂದರು.

ಇಲ್ಲಿಯವರೆಗೆ ವಿಮಾನಕ್ಕೆ ನಾನು ಋಣಿ. ಮುಂದಿನದು ಹೇಳಲು ಕಷ್ಟ.

ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಊರಲ್ಲಿಯೇ ಇದ್ದಾನೆ. ಕಿರಿಯವನು ಮಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋದವನು. ರೋಣ, ಗಜೇಂದ್ರಗಡ, ಕುಷ್ಟಗಿ ಕಡೆಯ ಎಷ್ಟು ಕೈಗಳು ಮಂಗಳೂರಿನ ಗೋಡೆಗಳನ್ನು ಕಟ್ಟಿವೆಯೋ ಲೆಕ್ಕವಿಟ್ಟವರಿಲ್ಲ. ಅವನಿಗೂ ಅದೇ ಐದೂವರೆಗೆ ಸುದ್ದಿ ಹೋಗಿತ್ತು. ಮುಂಗಡ ಪಗಾರ ಕೇಳಿ, ಬಸ್ಸು ಹಿಡಿದು, ಘಟ್ಟ ಹತ್ತಿ ಬರುತ್ತಿದ್ದ. ನಾನು ತಲುಪಿದಾಗ ಅವನು ಶಿರಸಿಯನ್ನೂ ದಾಟಿರಲಿಲ್ಲ. ಊರು ಸೇರಲು ರಾತ್ರಿ ಒಂಬತ್ತಾದರೂ ಆಗಬೇಕು.

ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. "ತವರಿನವ್ರು ಬಂದ್ರಿ. ಹಿರಿಮಗ ಅದಾನ. ಬ್ಯಾಸಗಿ ದಿನಾ, ಇಡಾಕ ಬರೂದಿಲ್ಲ. ಹೊತ್ತು ಮುಣುಗೂದ್ರಾಗ ಮುಗಸೂಣು. ನೀವು ಹೆಂಗಂತೀರಿ ಮಾಸ್ತರ?" ಎಂದು ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ. ಬೆಳಗಿನಿಂದ ಅನ್ನ ನೀರಿಲ್ಲದೆ ಬಂದವನು ನಾನು. ಹಿರಿಯ ಅಳಿಯ ತಲೆತಗ್ಗಿಸಿ ನಿಂತಿದ್ದ. ಬರ್ಫ ತರಿಸಿ ಬೆಳಗಿನವರೆಗೆ ಇಡೋಣ ಎನ್ನಬಹುದಿತ್ತು. ನನ್ನ ಮಾತನ್ನು ಅವರು ಮೀರುತ್ತಿರಲಿಲ್ಲ. "ಹಿರಿಯರು ಹೇಳಿದಂಗ ಆಗಲಿ" ಎಂದುಬಿಟ್ಟೆ.

ಆರೂ ಕಾಲಿಗೆ ವಿಮಾನ ಎದ್ದಿತು. ಏಳಕ್ಕೆ ಮಣ್ಣು ಕೊಟ್ಟೆವು.

ಕಿರಿಯವನು ಬಂದದ್ದು ಒಂಬತ್ತೂ ಹತ್ತಕ್ಕೆ. ಬ್ಯಾಟರಿ ಹಿಡಿದುಕೊಂಡು ಅವನನ್ನು ಹೊಲಕ್ಕೆ ಕರೆದುಕೊಂಡು ಹೋದರು. ನಾನು ಹೋಗಲಿಲ್ಲ, ಕಟ್ಟೆಯ ಮೇಲೆ ಕುಳಿತಿದ್ದೆ. ತಿರುಗಿ ಬಂದವನು ನನ್ನ ಕಾಲು ಮುಟ್ಟಿ, ಹತ್ತಿರವೇ ಕುಳಿತು, ಬಹಳ ಹೊತ್ತಾದ ಮೇಲೆ ಕೇಳಿದ:

"ಮಾಮಾ, ವಿಮಾನಕ್ಕ ಎಷ್ಟು ಕೊಟ್ರಿ?"

"ನಾಕು ಸಾವಿರ" ಎಂದೆ. ಆರು ಸಾವಿರವೆನ್ನಲು ನಾಲಿಗೆ ಹೊರಳಲಿಲ್ಲ.

"ಐದ ದಿನದ ಪಗಾರ" ಎಂದ. ಅವನ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಸುಮ್ಮನೆ ಲೆಕ್ಕ ಹಾಕಿದ ಅಷ್ಟೇ.

ನಾನು ಬಸ್ಸಿಗೆ ಹೊರಟಿದ್ದರೆ ರಾತ್ರಿ ಎಂಟಕ್ಕೆ ಮುಟ್ಟುತ್ತಿದ್ದೆ. ತವರಿನವರಿಲ್ಲದೆ ಹೆಣ ಎತ್ತುತ್ತಿರಲಿಲ್ಲ, ಕತ್ತಲಾದ ಮೇಲೆ ಮಣ್ಣು ಮಾಡುತ್ತಿರಲಿಲ್ಲ, ಬೆಳಗಾಗುವವರೆಗೆ ತಡೆಯಲೇಬೇಕಾಗುತ್ತಿತ್ತು. ಮಗ ತಾಯಿಯ ಮುಖ ನೋಡುತ್ತಿದ್ದ. ವಿಮಾನವು ನನಗೆ ಉಳಿಸಿಕೊಟ್ಟದ್ದು ಎರಡೂವರೆ ತಾಸು. ಹೊತ್ತು ಮುಳುಗುವ ಮುಂಚಿನ ಅದೇ ಎರಡೂವರೆ ತಾಸು ಅವನ ಪಾಲಿನದನ್ನು ತೆಗೆದುಕೊಂಡಿತು. ತಪ್ಪು ವಿಮಾನದ್ದಲ್ಲ, ನನ್ನ ಬಾಯಿಯದು, ಒಪ್ಪುತ್ತೇನೆ. ಆದರೆ ಬೇಗ ಬಂದವನ ಗಡಿಯಾರವೇ ಮನೆಯ ಗಡಿಯಾರವಾಗಿಬಿಡುತ್ತದೆಂಬುದು ಅಂದು ನನಗೆ ತಿಳಿಯಿತು. ಮುಂಚೆ ಎಲ್ಲರೂ ಬಸ್ಸು ರೈಲಿನಲ್ಲಿಯೇ ಬರುತ್ತಿದ್ದಾಗ ಎಲ್ಲರಿಗಾಗಿ ಕಾಯುವುದು ರೂಢಿಯಾಗಿತ್ತು. ಈಗ ಮನೆಮನೆಯಲ್ಲಿ ಎರಡು ಬಗೆಯ ಜನ.

ಇನ್ನು ಮನವಿಯ ವಿಷಯಕ್ಕೆ ಬರುತ್ತೇನೆ. "ಅಗ್ಗದ ವಿಮಾನ" ಎನ್ನುತ್ತಾರೆ. ಯಾರಿಗೆ ಅಗ್ಗ? ಮದುವೆಗೆ, ಪ್ರವಾಸಕ್ಕೆ, ಸಭೆಗೆ ಹೋಗುವವನು ಮುಂಚಿತವಾಗಿ ಟಿಕೆಟ್ ತೆಗೆಯುತ್ತಾನೆ, ಅವನಿಗೆ ಅಗ್ಗ. ಸಾವಿಗೆ, ಆಸ್ಪತ್ರೆಗೆ ಓಡುವವನು ಆ ದಿನವೇ ತೆಗೆಯುತ್ತಾನೆ, ಅವನಿಗೆ ದುಬಾರಿ. ಅವಸರ ಹೆಚ್ಚಿದಷ್ಟೂ ಬೆಲೆ ಹೆಚ್ಚು. ವ್ಯಾಪಾರದ ನ್ಯಾಯ ಅದೇ ಇರಬಹುದು, ಆದರೆ ಊರಿನ ನ್ಯಾಯ ಅದಲ್ಲ. ಕೆನಡಾ, ಅಮೆರಿಕಗಳ ಕೆಲವು ವಿಮಾನ ಸಂಸ್ಥೆಗಳಲ್ಲಿ ಹತ್ತಿರದ ಬಂಧುಗಳು ತೀರಿಕೊಂಡಾಗ ಹೊರಡುವವರಿಗೆ ಪ್ರತ್ಯೇಕ ದರವಿದೆಯಂತೆ. ವ್ಯಾಪಾರವೇ ದೇವರೆನ್ನುವ ದೇಶಗಳಲ್ಲಿಯೂ ಇಷ್ಟು ದಾಕ್ಷಿಣ್ಯ ಇರುವಾಗ ನಮ್ಮಲ್ಲಿ ಏಕೆ ಕೇಳಬಾರದು?

ದರಕ್ಕೆ ಮಿತಿ ಹಾಕಲು ಬರುವುದಿಲ್ಲವೆಂಬ ಮಾತನ್ನು ನಾನು ನಂಬುವುದಿಲ್ಲ. 2020ರ ಮೇ ತಿಂಗಳಿನಿಂದ 2022ರ ಆಗಸ್ಟ್‌ವರೆಗೆ, ಕೊರೊನಾ ಕಾಲದಲ್ಲಿ, ಕೇಂದ್ರ ಸರ್ಕಾರವೇ ಕನಿಷ್ಠ, ಗರಿಷ್ಠ ದರಗಳನ್ನು ಗೊತ್ತುಮಾಡಿತ್ತು. 2025ರ ಡಿಸೆಂಬರ್‌ನಲ್ಲಿ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಟಿಕೆಟ್ಟಿನ ಬೆಲೆ ಆಕಾಶಕ್ಕೇರಿದಾಗ, 500 ಕಿಲೋಮೀಟರ್ ಒಳಗಿನ ದೂರಕ್ಕೆ 7,500 ರೂಪಾಯಿ ಮೀರಬಾರದೆಂದು ತಾತ್ಕಾಲಿಕವಾಗಿ ಆಜ್ಞೆ ಮಾಡಿತು. ದೊಡ್ಡ ನಗರಗಳ ನಿಲ್ದಾಣಗಳಲ್ಲಿ ಸಾವಿರಾರು ಜನ ಒಟ್ಟಿಗೆ ಸಿಕ್ಕಿಬಿದ್ದರೆ ಆಜ್ಞೆ ಹೊರಡುತ್ತದೆ. ಗಜೇಂದ್ರಗಡದ ಒಬ್ಬ ಗಾರೆ ಕೆಲಸದವನ ತಾಯಿ ಸತ್ತರೆ ಹೊರಡುವುದಿಲ್ಲ, ಅಷ್ಟೇ ವ್ಯತ್ಯಾಸ. 2016ರಲ್ಲಿ ಘೋಷಿಸಿದ 'ಉಡಾನ್' ಯೋಜನೆಯಲ್ಲಿ ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂದು ಹೇಳಿದ್ದರು. ಅದು ವಿಮಾನದ ಅರ್ಧದಷ್ಟು ಆಸನಗಳಿಗೆ, ಆರಿಸಿದ ಮಾರ್ಗಗಳಿಗೆ, ಅದೂ ಮೂರು ವರ್ಷದ ಮಟ್ಟಿಗೆ. ಹವಾಯಿ ಚಪ್ಪಲಿ ಹಾಕಿದವನೂ ವಿಮಾನದಲ್ಲಿ ಕೂಡಬೇಕೆಂದರು. ಆಸೆ ಒಳ್ಳೆಯದೇ. ಆ ಚಪ್ಪಲಿಯವನು ವಿಮಾನದಿಂದ ಇಳಿದ ಮೇಲೆ ಏನು ಹತ್ತಬೇಕೆಂಬುದನ್ನು ಯಾರೂ ಹೇಳಲಿಲ್ಲ.

ರೈಲಿನ ಕಥೆ ಕೇಳಿ. ರೋಣ ಪಟ್ಟಣಕ್ಕೆ ರೈಲಿಲ್ಲ, ನರಗುಂದಕ್ಕಿಲ್ಲ, ಗಜೇಂದ್ರಗಡಕ್ಕಿಲ್ಲ. ರೋಣ ತಾಲೂಕಿನ ಮಲ್ಲಾಪುರ, ಹೊಳೆಆಲೂರುಗಳಲ್ಲಿ ಬ್ರಿಟಿಷರ ಕಾಲದಲ್ಲಿಯೇ ರೈಲು ಬಂದು ನಿಂತಿತು. ತಾಲೂಕು ಕೇಂದ್ರದೊಳಗೆ ಇಂದಿಗೂ ಬರಲಿಲ್ಲ. 2025ರ ಮೇ ತಿಂಗಳಿನಲ್ಲಿ ನೆರೆಯ ಕುಷ್ಟಗಿಯವರೆಗೆ, ತಳಕಲ್ಲಿನಿಂದ ಹೊಸ ಮಾರ್ಗದಲ್ಲಿ ರೈಲು ಬಂದಿತು, ಸಂತೋಷ. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡವರು ಅದನ್ನು ಮತ್ತೆ ಕೊಟ್ಟೇ ಇಲ್ಲ. ಇದರ ಬಗ್ಗೆ ಯಾರಾದರೂ ಮನವಿ ತಂದಿದ್ದರೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ.

ಅಂದು ಸುದ್ದಿ ಒಂದು ತಾಸು ಮುಂಚೆ ಬಂದಿದ್ದರೆ ನಾನು ಬೆಳಗಿನ ರೈಲು ಹಿಡಿಯುತ್ತಿದ್ದೆ. ವಿಮಾನ ಹುಬ್ಬಳ್ಳಿಯಲ್ಲಿ ಇಳಿಯುವ ಮೊದಲೇ ಅಲ್ಲಿರುತ್ತಿದ್ದೆ! ದೇವನಹಳ್ಳಿಗೆ ಎರಡು ತಾಸು, ಒಳಗೆ ಕಾಯುವುದಕ್ಕೆ ಮೂರು ತಾಸು, ಹಾರುವುದಕ್ಕೆ ಒಂದು ತಾಸು. ಸಣ್ಣ ದೂರಕ್ಕೆ ವಿಮಾನದ ಲೆಕ್ಕ ಹೀಗಿದೆ. ಗಣಿತದ ಮಾಸ್ತರರಿಗೆ ನಾನು ಲೆಕ್ಕ ಹೇಳುವುದು ಉದ್ಧಟತನವಾದೀತು, ಆದರೂ ಹೇಳಿದ್ದೇನೆ.

ಹಾಗೆಂದು ಹುಬ್ಬಳ್ಳಿಗೆ ವಿಮಾನ ಬೇಡವೆನ್ನುವಷ್ಟು ಕೃತಘ್ನ ನಾನಲ್ಲ. ಹೃದ್ರೋಗಿಗಳು, ಪರೀಕ್ಷೆಗೆ ಹೋಗುವ ಮಕ್ಕಳು, ನನ್ನಂತೆ ಮಣ್ಣಿಗೆ ಹೋಗುವವರು, ಎಲ್ಲರಿಗೂ ಅದು ಬೇಕು. ನಿನ್ನೆ ಮಿತ್ರರಿಗೆ ಫೋನ್ ಮಾಡಿದೆ. ಮನವಿಯಲ್ಲಿ ಇನ್ನು ಮೂರು ಮಾತು ಸೇರಿಸಿರೆಂದು ಕೇಳಿಕೊಂಡೆ. ವಿಮಾನದ ವೇಳೆಗೆ ಸರಿಯಾಗಿ ನಿಲ್ದಾಣದ ಬಾಗಿಲಿನಿಂದಲೇ ಗದಗ, ರೋಣ, ಗಜೇಂದ್ರಗಡ ಹಾಗೂ ನರಗುಂದಕ್ಕೆ ವಾಯವ್ಯ ಸಾರಿಗೆಯ ಬಸ್ಸು ಬಿಡಬೇಕು. ಹತ್ತಿರದ ಬಂಧು ತೀರಿಕೊಂಡಾಗ, ಮರಣದ ದಾಖಲೆಯನ್ನು ಆಮೇಲೆ ತೋರಿಸುವ ಕರಾರಿನ ಮೇಲೆ, ಆ ದಿನದ ಟಿಕೆಟ್ಟಿಗೂ ಮುಂಗಡ ಟಿಕೆಟ್ಟಿನ ದರವನ್ನೇ ಹಿಡಿಯಬೇಕು. ಮೂರನೆಯದಾಗಿ, ಮಂಗಳೂರಿನಿಂದ ಗಜೇಂದ್ರಗಡಕ್ಕೆ ನೇರವಾಗಿ ಬರುವ ವೇಗದ ಬಸ್ಸುಗಳನ್ನು ಹೆಚ್ಚಿಸಬೇಕು. "ವಿಮಾನದ ಮನವಿಯೊಳಗ ಮಂಗಳೂರು ಬಸ್ ಯಾಕ ಬರ್ತದ್ರಿ ಸರ?" ಎಂದು ಅವರು ನಕ್ಕರು. ನಾನು ಅಳಿಯನ ಸಂಗತಿ ಹೇಳಿದೆ. ಫೋನಿನ ಆ ತುದಿಯಲ್ಲಿ ತುಸು ಹೊತ್ತು ಸದ್ದಿರಲಿಲ್ಲ.

"ಬರ್ರಿ ಸೋಮವಾರ ನರಗುಂದಕ್ಕ. ಕೂತು ಹೊಸದಾಗಿ ಬರಿಯೋಣು" ಎಂದರು.

ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುವವನಿದ್ದೇನೆ.